ತಂತಿ ಎಳೆದು ಕಲಿಯುವ ಯಂತ್ರಕಲಿಕೆ

ದತ್ತಾಂಶದಿಂದ ಕಂಪ್ಯೂಟರ್ ತಾನೇ ಕಲಿಯುವಂತೆ ಮಾಡುವ ಯಂತ್ರಕಲಿಕೆಯತ್ತ (ಮಷೀನ್ ಲರ್ನಿಂಗ್) ಆಸಕ್ತಿಯಿಂದ ಬಂದವರಿಗೆ ಮೊದಲು ಸಿಗುವ ಉಪದೇಶ ‘ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿತು ಬನ್ನಿ’ ಎಂಬುದು. ಅದನ್ನು ಪಾಲಿಸಿದವರು ತಿಂಗಳುಗಟ್ಟಲೆ ಆವರಣಚಿಹ್ನೆ, ಅಲ್ಪವಿರಾಮಗಳೊಡನೆ ಗುದ್ದಾಡಿ, ಕೊನೆಗೆ ಎಲ್ಲಿಂದಲೋ ನಕಲು ಮಾಡಿದ ಹತ್ತು ಸಾಲು ಕೋಡ್ ಓಡಿಸಿ, ಪರದೆಯ ಮೇಲೆ ನಿಖರತೆ 0.97 ಎಂಬ ಅಂಕಿ ಮೂಡಿದೊಡನೆ ವಿದ್ಯೆ ಕೈವಶವಾಯಿತೆಂದು ಭಾವಿಸುತ್ತಾರೆ. ಆ ಅಂಕಿ ಯಾವ ದತ್ತಾಂಶದ ಮೇಲೆ ಬಂದದ್ದು, ಅದನ್ನು ಏಕೆ ನಂಬಬೇಕು ಎಂದು ಕೇಳಿದರೆ ಹಲವರಲ್ಲಿ ಉತ್ತರವಿರುವುದಿಲ್ಲ. ನನ್ನ ಮಟ್ಟಿಗೆ ಈ ವಿದ್ಯೆಯ ತಿರುಳಿರುವುದೇ ಆ ಉತ್ತರದಲ್ಲಿ; ಅದನ್ನು ಒಂದು ಸಾಲು ಕೋಡ್ ಬರೆಯುವ ಮೊದಲೇ ಕಲಿಯಬಹುದು.

ಅದಕ್ಕೆ ಬೇಕಾದ ತಂತ್ರಾಂಶಗಳು ಇತ್ತೀಚಿನವೇನಲ್ಲ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ‘ವೆಕಾ’ ಮತ್ತು ಸ್ಲೊವೇನಿಯಾದ ಲುಬ್ಲಿಯಾನಾ ವಿಶ್ವವಿದ್ಯಾಲಯದ ‘ಆರೆಂಜ್’ ಎರಡೂ 1990ರ ದಶಕದಲ್ಲಿ ಹುಟ್ಟಿದವು. ಉಚಿತವಾಗಿ ಸಿಗುವ ಆರೆಂಜ್‌ನಲ್ಲಿ ಪ್ರತಿಯೊಂದು ಕೆಲಸಕ್ಕೂ ವಿಜೆಟ್ ಎಂಬ ಒಂದು ಗುಂಡು ಚಿತ್ರವಿದೆ. ಒಂದರಿಂದ ಇನ್ನೊಂದಕ್ಕೆ ಮೌಸಿನಿಂದ ತಂತಿ ಎಳೆದರೆ ದತ್ತಾಂಶ ಆ ದಾರಿಯಲ್ಲಿ ಹರಿಯುತ್ತದೆ.

ಮೊದಲ ಪಾಠಕ್ಕೆ ಐರಿಸ್ ಹೂಗಳೇ ಸಾಕು. ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಸಂಗ್ರಹಿಸಿದ ಈ ಅಳತೆಗಳನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ತಮ್ಮ ಪ್ರಬಂಧದಲ್ಲಿ ಬಳಸಿಕೊಂಡರು. ಮೂರು ಪ್ರಭೇದ, ಪ್ರತಿಯೊಂದರಲ್ಲೂ 50 ಹೂ. ಪುಷ್ಪಪತ್ರ ಮತ್ತು ಪುಷ್ಪದಳಗಳ ಉದ್ದಗಲ ಸೇರಿ ನಾಲ್ಕೇ ಅಳತೆ. ಈ ಅಳತೆಗಳಿಂದ ಹೂವಿನ ಪ್ರಭೇದವನ್ನು ಗುರುತಿಸುವುದು ಯಂತ್ರದ ಕೆಲಸ. ಯಂತ್ರ ತಪ್ಪಾಗಿ ಗುರುತಿಸಿದ ಹೂಗಳನ್ನು ತಪ್ಪು-ಒಪ್ಪುಗಳ ಕೋಷ್ಟಕದಲ್ಲಿ ಒತ್ತಿದರೆ, ತಂತಿಯ ಆ ತುದಿಯಲ್ಲಿರುವ ಚುಕ್ಕೆಚಿತ್ರದಲ್ಲಿ ಅವೇ ಚುಕ್ಕೆಗಳು ತುಂಬಿಕೊಂಡು ಕಾಣುತ್ತವೆ. ಅವು ವರ್ಸಿಕಲರ್ ಮತ್ತು ವರ್ಜಿನಿಕಾ ಎಂಬ ಎರಡು ಪ್ರಭೇದಗಳು ಒಂದರೊಳಗೊಂದು ಬೆರೆತಿರುವ ಅಂಚಿನಲ್ಲಿ ಇರುವುದನ್ನು ನೋಡಿದವರಿಗೆ, ಯಂತ್ರ ಎಲ್ಲಿ ಮತ್ತು ಏಕೆ ತಡವರಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂತಿಯ ನಿಜವಾದ ಉಪಯೋಗ ತಿಳಿಯಬೇಕಾದರೆ ಹೂಗಳನ್ನು ಬಿಟ್ಟು ರಕ್ತದ ಕ್ಯಾನ್ಸರಿನ ದತ್ತಾಂಶಕ್ಕೆ ಬರಬೇಕು. 1999ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ 72 ರೋಗಿಗಳ ಮಾದರಿಗಳಿದ್ದವು. ಒಂದು ಬಗೆಯ ಲ್ಯುಕೀಮಿಯಾ ಎಂಬ ಈ ರಕ್ತದ ಕ್ಯಾನ್ಸರಿನವರು 47 ಮಂದಿ, ಇನ್ನೊಂದು ಬಗೆಯವರು 25 ಮಂದಿ, ಪ್ರತಿಯೊಬ್ಬರಿಗೂ ಜೀನ್‌ಗಳ ಚಟುವಟಿಕೆಯ 7,129 ಅಳತೆಗಳು. ಈಗ ‘ರ‍್ಯಾಂಡಮೈಜ್’ ವಿಜೆಟ್ ಇಟ್ಟು ರೋಗದ ಹೆಸರುಗಳನ್ನು ರೋಗಿಗಳ ನಡುವೆ ಬೇಕಾಬಿಟ್ಟಿ ಕಲಸಿಬಿಡಿ. ಇನ್ನು ಈ ದತ್ತಾಂಶದಲ್ಲಿ ಕಲಿಯಲು ಏನೂ ಉಳಿದಿಲ್ಲ. ಆದರೂ ಅದನ್ನು ‘ರ‍್ಯಾಂಕ್’ ವಿಜೆಟ್‌ಗೆ ಕೊಟ್ಟು, ರೋಗದ ಹೆಸರಿನೊಡನೆ ಚೆನ್ನಾಗಿ ಹೊಂದುವ ಹತ್ತಿಪ್ಪತ್ತು ಜೀನ್‌ಗಳನ್ನು ಆರಿಸಿ, ಅವನ್ನು, ಪ್ರತಿ ಸುತ್ತಿನಲ್ಲೂ ಕೆಲವರನ್ನು ಬದಿಗಿಟ್ಟು ಉಳಿದವರಿಂದ ಕಲಿತದ್ದನ್ನು ಅವರ ಮೇಲೆ ಪರೀಕ್ಷಿಸುವ ‘ಟೆಸ್ಟ್ ಅಂಡ್ ಸ್ಕೋರ್’ ವಿಜೆಟ್‌ಗೆ ಜೋಡಿಸಿದರೆ ಅಂಕಗಳು ಚೆನ್ನಾಗಿಯೇ ಬರುತ್ತವೆ.

ಇದು ಹೇಗೆ ಸಾಧ್ಯ? ಏಳು ಸಾವಿರ ಜನರಿಗೆ ಹತ್ತು ಬಾರಿ ಚಿಮ್ಮುವ ನಾಣ್ಯದ ಮುಖವನ್ನು ಊಹಿಸಲು ಹೇಳಿದರೆ, ಸುಮಾರು ಏಳು ಮಂದಿ ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಬಹುದೆಂದು ಗಣಿತವೇ ತಿಳಿಸುತ್ತದೆ. ಅಂಥವರ ಮನೆ ಮುಂದೆ ಭವಿಷ್ಯ ಕೇಳಲು ಜನ ಸಾಲುಗಟ್ಟುವುದೂ ಸಹಜವೇ. ಏಳು ಸಾವಿರ ಜೀನ್‌ಗಳಲ್ಲಿಯೂ ಹಾಗೆ ಆಕಸ್ಮಿಕವಾಗಿ ಹೊಂದುವ ಕೆಲವು ಇದ್ದೇ ಇರುತ್ತವೆ. ರ‍್ಯಾಂಕ್ ಅವನ್ನು ಆರಿಸಿದ್ದು 72 ರೋಗಿಗಳ ಉತ್ತರಗಳನ್ನೂ ನೋಡಿ. ಆ ಬಳಿಕ ಪರೀಕ್ಷೆಗೆಂದು ಕೆಲವರನ್ನು ಬದಿಗಿಟ್ಟರೂ, ಅವರ ಉತ್ತರ ಆಗಲೇ ಸೋರಿಹೋಗಿದೆ.

ಪರದೆಯ ಮೇಲೆ ಈ ಸೋರಿಕೆ ಕಣ್ಣಿಗೆ ಕಾಣುತ್ತದೆ: ಆಯ್ಕೆಯ ವಿಜೆಟ್ ಪರೀಕ್ಷೆಯ ವಿಜೆಟ್‌ಗಿಂತ ಮೊದಲೇ, ಇಡೀ ದತ್ತಾಂಶದ ದಾರಿಯಲ್ಲಿ ಕುಳಿತಿದೆ. ರ‍್ಯಾಂಕನ್ನು ತೆಗೆದು, ಅದೇ ಆಯ್ಕೆಯನ್ನು ‘ಪ್ರೀಪ್ರೊಸೆಸ್’ ವಿಜೆಟ್‌ನಲ್ಲಿಟ್ಟು, ಅದರ ತಂತಿಯನ್ನು ಪರೀಕ್ಷೆಯ ವಿಜೆಟ್‌ಗೆ ಪ್ರತ್ಯೇಕವಾಗಿ ಜೋಡಿಸಿದರೆ, ಪ್ರತಿ ಸುತ್ತಿನಲ್ಲೂ ಆಯ್ಕೆ ತರಬೇತಿಯ ರೋಗಿಗಳಿಂದ ಮಾತ್ರ ನಡೆಯುತ್ತದೆ. ಆಗ ನಿಖರತೆ, ಎಲ್ಲರನ್ನೂ ಕಣ್ಣುಮುಚ್ಚಿ ದೊಡ್ಡ ಗುಂಪಿಗೆ ಸೇರಿಸಿದರೂ ಸಿಗುವ ಶೇ. 65ರ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಕುಸಿಯುತ್ತದೆ.

ಕೋಡಿನಲ್ಲಿ ಇದೇ ತಪ್ಪು ಎರಡು ಸಾಲುಗಳ ಹಿಂದುಮುಂದಾಗಿ ಅಡಗಿರುತ್ತದೆ. ಕಂಪ್ಯೂಟರ್ ಯಾವ ದೋಷವನ್ನೂ ತೋರಿಸದೆ ಅದನ್ನು ಓಡಿಸುತ್ತದೆ. ಪ್ರಕಟಿತ ಸಂಶೋಧನಾ ಪ್ರಬಂಧಗಳಲ್ಲಿಯೂ ಅದು ನುಸುಳಿದೆ.

ಹಾಗೆಂದು ತಂತಿ ಎಳೆಯುವುದರಲ್ಲೇ ನಿಲ್ಲಲಾಗದು. ಅಸ್ತವ್ಯಸ್ತ ಕಡತಗಳನ್ನು ಶುದ್ಧಗೊಳಿಸಲು, ಒಂದೇ ಕೆಲಸವನ್ನು ದಿನವೂ ತಾನಾಗಿ ನಡೆಯುವಂತೆ ಮಾಡಲು ಕೋಡ್ ಬೇಕೇ ಬೇಕು. ಆರೆಂಜ್ ಕೂಡ ಬಹುಪಾಲು ಪೈಥಾನಿನಲ್ಲೇ ಬರೆದದ್ದು. ಅದರ ಹಲವು ವಿಜೆಟ್‌ಗಳ ಒಳಗೆ ಕೆಲಸ ಮಾಡುವುದು ‘ಸೈಕಿಟ್-ಲರ್ನ್’ ಎಂಬ ಪೈಥಾನ್ ಸಂಗ್ರಹವೇ. ಅದರಲ್ಲಿ ‘ಪೈಪ್‌ಲೈನ್’ ಎಂಬ ಸಲಕರಣೆಯೊಂದಿದೆ. ಹೊಸಬರು ಅದನ್ನು ಬರಿಯ ಅಲಂಕಾರವೆಂದು ಬದಿಗೊತ್ತುವುದುಂಟು. ಪ್ರೀಪ್ರೊಸೆಸ್‌ನ ತಂತಿಯನ್ನು ತಾವೇ ಸರಿಯಾದ ಜಾಗಕ್ಕೆ ಎಳೆದವರಿಗೆ ಅದು ಏಕಿದೆ ಎಂಬುದು ಮೊದಲ ನೋಟಕ್ಕೇ ಹೊಳೆಯುತ್ತದೆ: ಆಯ್ಕೆಯನ್ನೂ ಕಲಿಕೆಯನ್ನೂ ಒಂದೇ ಕಟ್ಟಿನಲ್ಲಿ ಬಿಗಿದು, ಇಡೀ ಕಟ್ಟನ್ನೇ ಪರೀಕ್ಷೆಗೆ ಒಡ್ಡುವ ಏರ್ಪಾಡು ಅದು.