ಅನ್ಯಾಯ ಹಳೆಯದಾಗಿರುವಾಗ ಚಳವಳಿ ಇಂದೇ ಹುಟ್ಟುವುದೇಕೆ?

ಪ್ರಶ್ನೆ: ಅನ್ಯಾಯ ಎಷ್ಟೋ ವರ್ಷಗಳಿಂದ ನಡೆದುಬಂದಿರುತ್ತದೆ, ಎಲ್ಲರಿಗೂ ಅದು ಗೊತ್ತೇ ಇರುತ್ತದೆ. ಹಾಗಿದ್ದೂ ಚಳವಳಿ ಯಾವುದೋ ಒಂದು ದಿನ, ಯಾವುದೋ ಒಂದು ಊರಿನಲ್ಲಿ ಹುಟ್ಟುತ್ತದೆ. ಜನರ ಸಹನೆಯ ಕಟ್ಟೆ ಒಡೆದಾಗ ಅದು ತಾನಾಗಿಯೇ ಆರಂಭವಾಗುತ್ತದೆ ಎಂದು ತಿಳಿಯುವುದು ಸರಿಯೇ?

ಉತ್ತರ: ಬಹುಕಾಲ ಸಮಾಜಶಾಸ್ತ್ರಜ್ಞರೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದರು. ಗುಂಪಿಗೆ ಸೇರಿದ ವ್ಯಕ್ತಿ ತನ್ನ ವಿವೇಕವನ್ನು ಕಳೆದುಕೊಳ್ಳುತ್ತಾನೆ ಎಂದು ಫ್ರಾನ್ಸಿನ ಗುಸ್ತಾವ್ ಲೆ ಬಾನ್ 1895ರಲ್ಲಿ ವಾದಿಸಿದ. ಸಮಾಜದ ಒಳಗಿನ ಬಿಕ್ಕಟ್ಟು ಹೆಚ್ಚಿದಾಗ ಸಾಮೂಹಿಕ ವರ್ತನೆ ತಲೆಯೆತ್ತುತ್ತದೆ ಎಂದು 1962ರಲ್ಲಿ ನೀಲ್ ಸ್ಮೆಲ್ಸರ್ ವಿವರಿಸಿದರು. ತಮಗೆ ನ್ಯಾಯವಾಗಿ ಸಲ್ಲಬೇಕೆಂದು ಜನ ಭಾವಿಸಿರುವುದಕ್ಕೂ ಅವರಿಗೆ ನಿಜವಾಗಿ ದೊರೆಯುವುದಕ್ಕೂ ನಡುವಿನ ಅಂತರ ಹಿಗ್ಗಿದಷ್ಟೂ ಬಂಡಾಯದ ಸಾಧ್ಯತೆ ಹೆಚ್ಚುತ್ತದೆ ಎಂಬ ಟೆಡ್ ಗರ್ ಅವರ 1970ರ ಸಿದ್ಧಾಂತಕ್ಕೆ ‘ಸಾಪೇಕ್ಷ ವಂಚಿತತೆ’ ಎಂದು ಹೆಸರು. ಈ ಮೂರರಲ್ಲಿ ಕೊನೆಯದು ಇಂದಿಗೂ ಉಪಯುಕ್ತ; ಏಕೆಂದರೆ ಬಡತನಕ್ಕಿಂತ ಭಂಗಗೊಂಡ ನಿರೀಕ್ಷೆಯೇ ಜನರನ್ನು ಹೆಚ್ಚು ಕೆರಳಿಸುತ್ತದೆ ಎಂಬುದನ್ನು ಅದು ಗುರುತಿಸಿತು. ಆದರೆ ಕೆರಳಿದ ಜನ ಮರುದಿನ ಬೆಳಿಗ್ಗೆ ಎಲ್ಲಿ ಸೇರಬೇಕು, ಯಾರ ಮಾತು ಕೇಳಬೇಕು, ಎಷ್ಟು ದಿನ ನಿಲ್ಲಬೇಕು ಎಂಬುದನ್ನು ಈ ಸಿದ್ಧಾಂತಗಳಲ್ಲಿ ಯಾವುದೂ ಹೇಳುವುದಿಲ್ಲ.

ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮರಿ ನಗರದ ಪ್ರಸಂಗವನ್ನು ನೋಡಿದರೆ ಈ ಕೊರತೆ ಸ್ಪಷ್ಟವಾಗುತ್ತದೆ. ಬಸ್ಸಿನಲ್ಲಿ ಬಿಳಿಯರಿಗೆ ಆಸನ ಬಿಟ್ಟುಕೊಡಲಿಲ್ಲವೆಂದು 1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿಯನ್ನು ಬಂಧಿಸಲಾಯಿತು. ಆಗ ಬಸ್ಸುಗಳ ಬಹಿಷ್ಕಾರ ನಡೆಯಲಿಲ್ಲ. ಅದೇ ವರ್ಷದ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅವರನ್ನು ಅದೇ ಬಗೆಯ ಕಾರಣಕ್ಕೆ ಬಂಧಿಸಿದಾಗ, ನಾಲ್ಕೇ ದಿನಗಳಲ್ಲಿ ಕಪ್ಪುವರ್ಣೀಯ ಪ್ರಯಾಣಿಕರು ಬಹುತೇಕ ಎಲ್ಲರೂ ಬಸ್ಸು ಹತ್ತುವುದನ್ನು ನಿಲ್ಲಿಸಿದರು. ಒಂಬತ್ತು ತಿಂಗಳಲ್ಲಿ ಅನ್ಯಾಯವೇನೂ ಹೆಚ್ಚಾಗಿರಲಿಲ್ಲ. ದಣಿದು ಮನೆಗೆ ಹೊರಟಿದ್ದ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ಎದುರು ನಿಂತಳು ಎಂದು ಈ ಕಥೆಯನ್ನು ಹೇಳುವ ರೂಢಿಯಿದೆ. ವಾಸ್ತವದಲ್ಲಿ ಪಾರ್ಕ್ಸ್ ನಾಗರಿಕ ಹಕ್ಕುಗಳ ಸಂಘಟನೆಯೊಂದರ ಸ್ಥಳೀಯ ಶಾಖೆಗೆ ವರ್ಷಗಳ ಕಾಲ ಕಾರ್ಯದರ್ಶಿಯಾಗಿದ್ದವರು. ಅದೇ ಬೇಸಿಗೆಯಲ್ಲಿ ಕಾರ್ಯಕರ್ತರ ತರಬೇತಿ ಶಿಬಿರಕ್ಕೂ ಹೋಗಿ ಬಂದಿದ್ದರು. ನಗರದ ಮಹಿಳಾ ರಾಜಕೀಯ ಮಂಡಳಿಯ ಜೋ ಆನ್ ರಾಬಿನ್ಸನ್ ಬಹಿಷ್ಕಾರದ ಎಚ್ಚರಿಕೆ ಕೊಟ್ಟು ಮೇಯರ್‌ಗೆ ಪತ್ರ ಬರೆದದ್ದು 1954ರ ಮೇ ತಿಂಗಳಲ್ಲಿ. ಪಾರ್ಕ್ಸ್ ಬಂಧನದ ರಾತ್ರಿಯೇ ಹತ್ತಾರು ಸಾವಿರ ಕರಪತ್ರಗಳನ್ನು ಅಚ್ಚುಹಾಕಲು ರಾಬಿನ್ಸನ್ ಅವರಿಗೆ ಸಾಧ್ಯವಾಯಿತು, ಏಕೆಂದರೆ ಅಚ್ಚಿನ ಯಂತ್ರ ಎಲ್ಲಿದೆ, ಹಂಚುವವರು ಯಾರು ಎಂಬುದು ಮೊದಲೇ ಗೊತ್ತಿತ್ತು.

ಇಲ್ಲಿ ಇನ್ನೊಂದು ತೊಡಕಿದೆ. ಬಹಿಷ್ಕಾರ ಗೆದ್ದರೆ ಅದರ ಲಾಭ ನಡೆದವರಿಗೂ ನಡೆಯದವರಿಗೂ ಸಮನಾಗಿ ದೊರೆಯುತ್ತದೆ. ಹಾಗಾದರೆ ಯಾರಾದರೂ ದಿನವೂ ಮೈಲುಗಟ್ಟಲೆ ಕಾಲು ಸವೆಸುವುದೇಕೆ? ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಎತ್ತಿದ ಈ ‘ಬಿಟ್ಟಿ ಸವಾರಿ’ಯ ಪ್ರಶ್ನೆ ಸಮಾಜಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಸಿಟ್ಟು ಯಾವ ಸಮಾಜದಲ್ಲೂ ಬೇಕಾದಷ್ಟು ಇದ್ದೇ ಇರುತ್ತದೆ, ಕೊರತೆಯಾಗುವುದು ಹಣ, ಸಮಯ, ಕಾರ್ಯಕರ್ತರು ಮತ್ತು ಸಂಘಟನೆ ಎಂದು ಜಾನ್ ಮೆಕಾರ್ಥಿ ಮತ್ತು ಮೇಯರ್ ಝಾಲ್ಡ್ 1977ರಲ್ಲಿ ಹೇಳಿದ ಮಾತೇ ‘ಸಂಪನ್ಮೂಲ ಕ್ರೋಡೀಕರಣ’ ಸಿದ್ಧಾಂತ. ಮಾಂಟ್ಗೊಮರಿಯಲ್ಲಿ ಸಭೆಗೆ ಜಾಗ, ಹಣ ಮತ್ತು ನಾಯಕರನ್ನು ಒದಗಿಸಿದ್ದು ಚರ್ಚುಗಳು. ನೂರಾರು ಕಾರುಗಳು ಸರದಿಯ ಮೇಲೆ ಜನರನ್ನು ಸಾಗಿಸಿದವು. ಈ ಸಿದ್ಧಾಂತ ಕೆಲವೊಮ್ಮೆ ಚಳವಳಿಯನ್ನು ಅಂಗಡಿಯ ಲೆಕ್ಕಪುಸ್ತಕದಂತೆ ಓದುತ್ತದೆ ಎಂಬ ದೂರು ನನ್ನದೂ ಹೌದು. ಬಡವರ ಬಲ ಸಂಘಟನೆಯಲ್ಲಿಲ್ಲ, ದೈನಂದಿನ ವ್ಯವಸ್ಥೆಯನ್ನು ಸ್ಥಗಿತಗೊಳಿಸುವ ಶಕ್ತಿಯಲ್ಲಿದೆ, ಸಂಘಟನೆ ಆ ಶಕ್ತಿಯನ್ನು ಮೊಂಡಾಗಿಸುತ್ತದೆ ಎಂದು ಫ್ರಾನ್ಸಿಸ್ ಫಾಕ್ಸ್ ಪಿವೆನ್ ಮತ್ತು ರಿಚರ್ಡ್ ಕ್ಲೋವರ್ಡ್ ಅದೇ 1977ರಲ್ಲಿ ತಿರುಗೇಟು ಕೊಟ್ಟರು.

ನನಗೆ ಹೆಚ್ಚು ಒಪ್ಪಿತವಾಗುವುದು ಡಗ್ ಮೆಕ್‌ಆಡಮ್ 1982ರಲ್ಲಿ ಮಂಡಿಸಿದ ‘ರಾಜಕೀಯ ಪ್ರಕ್ರಿಯೆ’ಯ ವಿವರಣೆ. ಅವರ ಪ್ರಕಾರ ಮೂರು ಸಂಗತಿಗಳು ಕೂಡಬೇಕು: ಅಧಿಕಾರದ ಗೋಡೆಯಲ್ಲಿ ಬಿರುಕು, ಸಮುದಾಯದೊಳಗೆ ಮೊದಲೇ ಇರುವ ಸಂಘಟನೆ, ಮತ್ತು ಪರಿಸ್ಥಿತಿ ಅನ್ಯಾಯದ್ದು ಮಾತ್ರವಲ್ಲ, ಬದಲಿಸಬಹುದಾದದ್ದು ಎಂಬ ಸಾಮೂಹಿಕ ಅರಿವು. ಬಿರುಕು ಮೂಡಿದ್ದು ಹೀಗೆ: ಹತ್ತಿ ಬೇಸಾಯ ಕುಸಿದು ದಕ್ಷಿಣದ ಕಪ್ಪುವರ್ಣೀಯರು ಉತ್ತರದ ನಗರಗಳಿಗೆ ವಲಸೆ ಹೋದಾಗ ಚುನಾವಣೆಯಲ್ಲಿ ಅವರ ವೋಟಿಗೆ ಬೆಲೆ ಬಂತು. ಶಾಲೆಗಳಲ್ಲಿ ಕಪ್ಪುವರ್ಣೀಯರನ್ನು ಬಿಳಿಯರಿಂದ ಬೇರೆಯಿಡುವ ಪ್ರತ್ಯೇಕತೆ ಸಂವಿಧಾನಬಾಹಿರವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮೂರನೆಯ ಅಂಶವನ್ನು ಮುಂದೆ ಡೇವಿಡ್ ಸ್ನೋ ಮತ್ತು ರಾಬರ್ಟ್ ಬೆನ್‌ಫರ್ಡ್ ‘ಚೌಕಟ್ಟು’ ಎಂಬ ಪರಿಕಲ್ಪನೆಯ ಮೂಲಕ ಬೆಳೆಸಿದರು: ತಪ್ಪು ಯಾರದು, ಪರಿಹಾರವೇನು, ನಾನೇ ಏಕೆ ಇಳಿಯಬೇಕು ಎಂಬ ಮೂರಕ್ಕೂ ಚಳವಳಿ ಜನರ ಮನಮುಟ್ಟುವ ಉತ್ತರ ಕೊಡಬೇಕು. ಈ ಪದವನ್ನು ಈಚೆಗೆ ಎಲ್ಲದಕ್ಕೂ ಬಳಸಿ ಸವೆಸಲಾಗಿದೆ ಎಂಬುದು ಬೇರೆ ಮಾತು.

ಇಳಿಯುವವರು ಯಾರು ಎಂಬುದಕ್ಕೂ ಮೆಕ್‌ಆಡಮ್ ಅಪರೂಪದ ಸಾಕ್ಷ್ಯ ಒದಗಿಸಿದ್ದಾರೆ. ಮತದಾರರ ನೋಂದಣಿಗಾಗಿ 1964ರ ಬೇಸಿಗೆಯಲ್ಲಿ ಮಿಸಿಸಿಪಿಗೆ ಹೋಗಲು ಅರ್ಜಿ ಹಾಕಿದ ಯುವಜನರಲ್ಲಿ ಹೋದವರನ್ನೂ ಕೊನೆಗೆ ಹಿಂದೆ ಸರಿದವರನ್ನೂ ಅವರು ಹೋಲಿಸಿದರು. ನಂಬಿಕೆ, ಆದರ್ಶಗಳಲ್ಲಿ ಎರಡೂ ಗುಂಪುಗಳಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ; ಹೋದವರಿಗೆ ಸಂಘಟನೆಗಳ ನಂಟು ಹೆಚ್ಚಿತ್ತು, ಅವರ ಆಪ್ತರೂ ಹೊರಟಿದ್ದರು. ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಗಣಿತದ ಉದಾಹರಣೆ ಇದಕ್ಕೆ ಹೊಂದಿಕೊಳ್ಳುತ್ತದೆ. ನೂರು ಜನರಲ್ಲಿ ಒಬ್ಬ ಯಾರಿಗೂ ಕಾಯದೆ ಮುನ್ನುಗ್ಗುತ್ತಾನೆ, ಇನ್ನೊಬ್ಬ ಒಬ್ಬರನ್ನು ಕಂಡರೆ, ಮತ್ತೊಬ್ಬ ಇಬ್ಬರನ್ನು ಕಂಡರೆ, ಹೀಗೆ ನೂರನೆಯವನ ತನಕ ಎಂದುಕೊಳ್ಳಿ, ಎಲ್ಲರೂ ಬೀದಿಗಿಳಿಯುತ್ತಾರೆ. ‘ಒಬ್ಬರನ್ನು ಕಂಡರೆ’ ಎನ್ನುವವನ ಬದಲಿಗೆ ‘ಇಬ್ಬರನ್ನು ಕಂಡರೆ’ ಎನ್ನುವ ಇನ್ನೊಬ್ಬನಿದ್ದರೆ, ಬೀದಿಯಲ್ಲಿ ಉಳಿಯುವುದು ಮೊದಲನೆಯವನೊಬ್ಬನೇ. ಎರಡು ಗುಂಪುಗಳ ಸಿಟ್ಟಿನ ಮೊತ್ತ ಬಹುತೇಕ ಒಂದೇ. ಚಳವಳಿಯ ದಿನವನ್ನು ಮುಂಚಿತವಾಗಿ ಹೇಳಲು ಪಂಡಿತರು ಸೋಲುವುದಕ್ಕೆ ಇದೂ ಒಂದು ಕಾರಣ.

ಪರಿಸರ, ಶಾಂತಿ, ಮಹಿಳಾ ಹೋರಾಟಗಳನ್ನು ಮುಂದಿಟ್ಟುಕೊಂಡು ಯುರೋಪಿನ ಅಲೆನ್ ಟೂರೇನ್, ಅಲ್ಬರ್ಟೊ ಮೆಲೂಚಿ ಮೊದಲಾದವರು ‘ಹೊಸ ಸಾಮಾಜಿಕ ಚಳವಳಿ’ಗಳ ಚರ್ಚೆ ಬೆಳೆಸಿದರು, ಜನ ವರಮಾನಕ್ಕಾಗಿ ಮಾತ್ರವಲ್ಲ, ತಾವು ಯಾರು ಎಂಬ ಅಸ್ಮಿತೆಗಾಗಿಯೂ ಹೋರಾಡುತ್ತಾರೆ ಎಂಬುದು ಅವರ ಮುಖ್ಯ ಅಂಶ.

ಇನ್ನು ಬದಲಾವಣೆ. ಸಿದ್ಧಾಂತಗಳು ಅತ್ಯಂತ ದುರ್ಬಲವಾಗಿರುವುದು ಇಲ್ಲಿ. ಅಮೆರಿಕದಲ್ಲಿ 1800ರಿಂದ 1945ರವರೆಗಿನ 53 ಹೋರಾಟದ ಗುಂಪುಗಳನ್ನು ಅಧ್ಯಯನ ಮಾಡಿದ ವಿಲಿಯಂ ಗ್ಯಾಮ್ಸನ್, ಗೆಲುವಿಗೆ ಎರಡು ಮುಖಗಳಿವೆ ಎಂದರು: ಎದುರಾಳಿ ನಿಮ್ಮನ್ನು ಮಾತುಕತೆಗೆ ಅರ್ಹರೆಂದು ಒಪ್ಪುವುದು ಒಂದು, ಬೇಡಿಕೆ ಈಡೇರುವುದು ಇನ್ನೊಂದು. ಒಂದು ದೊರೆತರೆ ಇನ್ನೊಂದು ದೊರೆಯಲೇಬೇಕೆಂದಿಲ್ಲ. ಈಡೇರಿದ ಬೇಡಿಕೆಗೆ ಚಳವಳಿಯೇ ಕಾರಣವೆಂದು ತೋರಿಸುವುದಂತೂ ಇನ್ನೂ ಕಷ್ಟ. ಮಾಂಟ್ಗೊಮರಿಯ ಬಹಿಷ್ಕಾರ 381 ದಿನ ನಡೆಯಿತು. ಪ್ರಯಾಣಿಕರಲ್ಲಿ ಬಹುಪಾಲು ಕಪ್ಪುವರ್ಣೀಯರೇ ಆಗಿದ್ದರಿಂದ ಬಸ್ಸಿನ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು, ಆದರೂ ನಗರಾಡಳಿತ ಮಣಿಯಲಿಲ್ಲ. 1956ರ ನವೆಂಬರ್ 13ರಂದು ಕಾರುಗಳ ವ್ಯವಸ್ಥೆಗೆ ತಡೆಯಾಜ್ಞೆ ಕೋರಿದ್ದ ನಗರಾಡಳಿತದ ಅರ್ಜಿಯನ್ನು ಸ್ಥಳೀಯ ನ್ಯಾಯಾಲಯ ವಿಚಾರಣೆ ನಡೆಸಿ ಪುರಸ್ಕರಿಸಿತು. ಬಸ್ಸಿನಲ್ಲಿನ ಪ್ರತ್ಯೇಕತೆ ಅಸಾಂವಿಧಾನಿಕವೆಂಬ ಕೆಳ ನ್ಯಾಯಾಲಯದ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಸುದ್ದಿ ಬಂದದ್ದೂ ಅದೇ ದಿನ. ಗೆದ್ದದ್ದು ದಾವೆ ಎನ್ನಬಹುದು. ಆದರೆ ಆ ದಾವೆ ಹೂಡಿದ್ದು ಬಹಿಷ್ಕಾರ ಎರಡು ತಿಂಗಳು ನಡೆದ ಮೇಲೆ, 1956ರ ಫೆಬ್ರವರಿಯಲ್ಲಿ, ಬಹಿಷ್ಕಾರವನ್ನು ನಡೆಸುತ್ತಿದ್ದವರ ಬೆಂಬಲದಿಂದ. ಕೊನೆಯವರೆಗೂ ಉಳಿದ ನಾಲ್ವರು ದಾವೆದಾರರಲ್ಲಿ, ಮಾರ್ಚ್ ತಿಂಗಳ ಬಂಧನದಿಂದ ಯಾವ ಚಳವಳಿಯೂ ಹುಟ್ಟದಿದ್ದ ಕ್ಲಾಡೆಟ್ ಕಾಲ್ವಿನ್ ಒಬ್ಬಳು.