ಕಳೆ ಮುಗಿದ ಮೇಲೆ ಆ ಹುಳು ಏನು ತಿನ್ನುತ್ತದೆ?

ಕಳೆಗಳ ಜೈವಿಕ ನಿಯಂತ್ರಣದ ಮಾತು ಬಂದಾಗಲೆಲ್ಲ ಓದುಗರು ಈ ಪ್ರಶ್ನೆ ಕೇಳುತ್ತಾರೆ: "ಹೊರಗಿನಿಂದ ಬಂದ ಕಳೆಯನ್ನು ತಿನ್ನಲಿ ಅಂತ ಅದರ ತವರಿನಿಂದ ಹುಳು ತಂದು ಬಿಡುತ್ತಾರೆ. ಸರಿ, ಕಳೆಯೆಲ್ಲ ತಿಂದು ಮುಗಿಸಿತು ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ಅದಕ್ಕೆ ಹಸಿವಾಗಲ್ವಾ? ಪಕ್ಕದ ಬೆಳೆಗೆ ಬೀಳಲ್ವಾ?"

ಕೇಳಲೇಬೇಕಾದ ಪ್ರಶ್ನೆ ಇದು. ಔಷಧಿ ಹೊಡೆಯುವುದನ್ನು ನಾಳೆ ನಿಲ್ಲಿಸಬಹುದು. ಬಿಟ್ಟ ಹುಳುವನ್ನು ವಾಪಸ್ ಕರೆಯಲು ಆಗುವುದಿಲ್ಲ. ಹಾಗಾಗಿ ಈ ಹೆದರಿಕೆ ಇರುವುದು ಒಳ್ಳೆಯದೇ.

ನೇರವಾಗಿ ಹೇಳುತ್ತೇನೆ. ಸರಿಯಾಗಿ ಆರಿಸಿದ ಹುಳುವಾದರೆ, ಕಳೆ ಇಲ್ಲದ ಕಡೆ ಅದು ಹಸಿವಿನಿಂದ ಸಾಯುತ್ತದೆ. ಸಿಕ್ಕಿದ್ದನ್ನು ತಿಂದು ಬದುಕಿಕೊಳ್ಳುವುದಿಲ್ಲ. ಅಪಾಯ ಇರುವುದು ಇನ್ನೊಂದು ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಹುಳುಗಳನ್ನೂ ನಾವು ಹಾಗೇ ಅಂದುಕೊಂಡುಬಿಡುತ್ತೇವೆ. ಮಿಡತೆಯಂಥ ಕೆಲವು ನಿಜಕ್ಕೂ ಆಡಿನ ಜಾತಿಯವೇ. ಆದರೆ ಗಿಡ ತಿನ್ನುವ ಬಹುಪಾಲು ಹುಳುಗಳು ರೇಷ್ಮೆ ಹುಳುವಿನ ಹಾಗೆ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಡದೆ ಬೇರೆ ಯಾವುದೋ ಎಲೆ ಹಾಕಿ ನೋಡಿ. ಎಲೆಯ ಮೇಲೆ ಕೂತೇ ಸಾಯುತ್ತದೆ. ಅದಕ್ಕೆ ಅದು ಊಟ ಅಂತಲೇ ಗೊತ್ತಾಗುವುದಿಲ್ಲ.

ಯಾಕೆ ಹೀಗೆ? ಗಿಡಗಳು ಓಡಿಹೋಗಲಾರವು. ಹಾಗಾಗಿ ಎಲೆ, ಕಾಂಡ, ಬೀಜಗಳಲ್ಲಿ ವಿಷ ತುಂಬಿಕೊಂಡಿರುತ್ತವೆ. ಒಂದೊಂದು ಕುಲಕ್ಕೆ ಒಂದೊಂದು ಬಗೆಯ ವಿಷ. ಒಂದು ಹುಳು ಲಕ್ಷಾಂತರ ವರ್ಷ ಒಂದೇ ಗಿಡದ ಜೊತೆ ಬದುಕಿ ಆ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿತಿರುತ್ತದೆ. ಎಷ್ಟೋ ಸಲ ಆ ವಿಷದ ವಾಸನೆಯೇ ಅದಕ್ಕೆ ಊಟದ ಗುರುತು. ತಾಯಿ ಹುಳು ಗಿಡದ ಮೇಲೆ ಇಳಿದು, ಮೀಸೆಯಿಂದ ಮೂಸಿ, ಕಾಲಿನಿಂದ ರುಚಿ ನೋಡಿ, ಗುರುತು ಸಿಕ್ಕಿದರೆ ಮಾತ್ರ ಮೊಟ್ಟೆ ಇಡುತ್ತದೆ. ಮರಿಗೆ ರೆಕ್ಕೆ ಇಲ್ಲ, ಇಟ್ಟ ಕಡೆಯೇ ಬೆಳೆಯಬೇಕು. ಇಷ್ಟೆಲ್ಲ ಹೊಂದಿಕೊಂಡ ಜೀವಕ್ಕೆ ಊಟ ಬದಲಾಯಿಸುವುದು ಮನಸ್ಸಿನ ಮಾತಲ್ಲ, ಮೈಯ ಮಾತು.

ಇನ್ನು ಕಳೆ "ಮುಗಿಯುವುದು". ಅದು ನಿಜವಾಗಿ ನಡೆದಾಗ ಏನಾಯಿತು ಅಂತ ಆಸ್ಟ್ರೇಲಿಯಾದಲ್ಲಿ ಕಣ್ಣಾರೆ ನೋಡಿದ್ದಾರೆ. 1925ರ ಹೊತ್ತಿಗೆ ಅಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ಜಾಗಕ್ಕೆ ಪಾಪಾಸುಕಳ್ಳಿ ಹಬ್ಬಿತ್ತು. ಅದರಲ್ಲಿ ಅರ್ಧದಷ್ಟು ಕಡೆ ಕಾಲಿಡಲೂ ಆಗದ ಹಾಗೆ ದಟ್ಟವಾಗಿತ್ತು. ಜನ ಜಮೀನು ಬಿಟ್ಟು ಹೋಗುತ್ತಿದ್ದರು. ಆ ವರ್ಷ ಅರ್ಜೆಂಟೀನಾದಿಂದ ಕ್ಯಾಕ್ಟೋಬ್ಲಾಸ್ಟಿಸ್ ಎಂಬ ಪತಂಗದ ಮೂರು ಸಾವಿರದಷ್ಟು ಮೊಟ್ಟೆಗಳು ಬಂದವು. ಅದರ ಮರಿಗಳು ಕಳ್ಳಿಯ ದಪ್ಪ ಎಲೆಯಂಥ ಕಾಂಡದೊಳಗೆ ಸುರಂಗ ಕೊರೆದು ತಿನ್ನುತ್ತವೆ. ಗಾಯದಲ್ಲಿ ಕೊಳೆ ಸೇರಿ ಗಿಡ ಕುಸಿಯುತ್ತದೆ. ಸಾಕಿ ಸಾಕಿ ಹೆಚ್ಚಿಸಿ 1926ರಿಂದ ಬಿಡುತ್ತಾ ಹೋದರು. ಏಳೆಂಟು ವರ್ಷಗಳಲ್ಲಿ ಕಳ್ಳಿಯ ಕಾಡುಗಳು ನೆಲಕ್ಕೆ ಬಿದ್ದವು.

ಆಗಲೇ ಓದುಗರು ಕೇಳುವ ಆ ಗಳಿಗೆ ಬಂತು. ಕೋಟಿಗಟ್ಟಲೆ ಹುಳು, ತಿನ್ನಲು ಕಳ್ಳಿ ಇಲ್ಲ. ಹುಳುಗಳು ಗೋಧಿಗೆ ಹೋಗಲಿಲ್ಲ, ಹಣ್ಣಿನ ತೋಟಕ್ಕೆ ಹೋಗಲಿಲ್ಲ. ಸತ್ತವು. ಹುಳು ಕಡಿಮೆಯಾದದ್ದೇ ತಡ, ನೆಲದಲ್ಲಿ ಉಳಿದ ಬುಡಗಳಿಂದ ಕಳ್ಳಿ ಮತ್ತೆ ಚಿಗುರಿತು. ಬೆನ್ನಿಗೇ ಅಳಿದುಳಿದ ಪತಂಗಗಳು ಹೆಚ್ಚಿ ಅದನ್ನೂ ಮಲಗಿಸಿದವು. ಅಲ್ಲಿಂದ ಮುಂದೆ ಎರಡೂ ಕಡಿಮೆ ಸಂಖ್ಯೆಯಲ್ಲಿ ಒಟ್ಟಿಗೇ ಉಳಿದುಕೊಂಡವು. ಅಂದರೆ ಕಳೆ ಪೂರ್ತಿ ಮುಗಿಯುವುದೇ ಇಲ್ಲ. ಅಲ್ಲೊಂದು ಇಲ್ಲೊಂದು ಗಿಡ ಇರುತ್ತದೆ, ಅದರ ಜೊತೆ ಒಂದಿಷ್ಟು ಹುಳು ಇರುತ್ತದೆ. ಗಿಡ ಹೆಚ್ಚಿದರೆ ಹುಳುವೂ ಹೆಚ್ಚುತ್ತದೆ. ಕ್ವೀನ್ಸ್‌ಲ್ಯಾಂಡ್‌ನ ಬೂನಾರ್ಗಾ ಎಂಬ ಹಳ್ಳಿಯ ಜನ ಈ ಪತಂಗದ ನೆನಪಿಗೆ ಒಂದು ಸಭಾಭವನವನ್ನೇ ಕಟ್ಟಿಸಿದರು. ಒಂದು ಹುಳುವಿನ ಹೆಸರಿನಲ್ಲಿ ಭವನ! ಅವರು ಪಟ್ಟ ಕಷ್ಟ ಎಷ್ಟಿತ್ತು ಅಂತ ಇದರಿಂದಲೇ ಊಹಿಸಬಹುದು.

ಈಗ ಅಪಾಯದ ವಿಷಯ. ಅದೇ ಪತಂಗವನ್ನು 1957ರಲ್ಲಿ ಕೆರಿಬಿಯನ್‌ನ ನೆವಿಸ್ ದ್ವೀಪದಲ್ಲಿ ಬಿಟ್ಟರು. ಮೇವಿನ ನೆಲದಲ್ಲಿ ಅಲ್ಲಿನ ಕಳ್ಳಿ ಜಾಸ್ತಿಯಾಗಿತ್ತು. ಹುಳು ಕೆಲಸ ಮಾಡಿತು, ಸುತ್ತಲ ದ್ವೀಪಗಳಿಗೂ ಹರಡಿತು. 1989ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಪಾಪಾಸುಕಳ್ಳಿಗಳು ಹೊರಗಿನಿಂದ ಬಂದ ಕಳೆಗಳಲ್ಲ, ಆ ನೆಲದ್ದೇ ಗಿಡಗಳು. ಕೆಲವು ಮೊದಲೇ ಅಪರೂಪ. ಅವನ್ನೂ ಅದು ತಿನ್ನತೊಡಗಿತು. ಕಳ್ಳಿಗಳ ತವರಾದ ಮೆಕ್ಸಿಕೋಗೂ ಆತಂಕ ಶುರುವಾಯಿತು.

ಹುಳು ಬದಲಾಗಿರಲಿಲ್ಲ ನೋಡಿ. ಎರಡೂ ಕಡೆ ಅದು ತಿಂದದ್ದು ಪಾಪಾಸುಕಳ್ಳಿಗಳನ್ನೇ. ಆಸ್ಟ್ರೇಲಿಯಾದಲ್ಲಿ ಆ ನೆಲದ್ದೇ ಆದ ಕಳ್ಳಿ ಒಂದೂ ಇಲ್ಲ. ಹಾಗಾಗಿ ಅಲ್ಲಿ ಈ ಕಳೆಗೆ ದಾಯಾದಿಗಳೇ ಇರಲಿಲ್ಲ. ಅಮೆರಿಕಗಳಲ್ಲಿ ಕಾಲಿಟ್ಟಲ್ಲೆಲ್ಲ ದಾಯಾದಿಗಳು.

ಹಾಗಾಗಿ "ಹಸಿವಾದರೆ ಬೆಳೆ ತಿನ್ನುತ್ತಾ?" ಅಂತ ಕೇಳುವುದಕ್ಕಿಂತ "ಈ ಕಳೆಗೆ ಇಲ್ಲಿ ಹತ್ತಿರದ ನೆಂಟರು ಯಾರಿದ್ದಾರೆ?" ಅಂತ ಕೇಳಬೇಕು ಅನ್ನುವುದು ನನ್ನ ಅನಿಸಿಕೆ. ಇದಕ್ಕೆ ಲೆಕ್ಕದ ಬಲವೂ ಇದೆ. ಅಮೆರಿಕ, ಹವಾಯಿ ಮತ್ತು ಕೆರಿಬಿಯನ್‌ನಲ್ಲಿ 1902ರಿಂದ ಬಿಟ್ಟು ನೆಲೆನಿಂತ 117 ಜೀವಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2000ದಲ್ಲಿ ಬಂತು. ಸ್ಥಳೀಯ ಗಿಡಗಳನ್ನು ತಿಂದದ್ದು 15 ಹುಳುಗಳು. ತಿಂದ ಗಿಡಗಳು 41. ಅದರಲ್ಲಿ 36 ಕಳೆಯ ಹತ್ತಿರದ ಬಂಧುಗಳು, ಇನ್ನೂ ನಾಲ್ಕು ಪಕ್ಕದ ಕುಲಗಳವು. ಯಾವ ಸಂಬಂಧವೂ ಇಲ್ಲದ ಗಿಡಕ್ಕೆ ಬಾಯಿ ಹಾಕಿದ್ದು 117ರಲ್ಲಿ ಒಂದೇ ಒಂದು. ಅಪಾಯ ಎಲ್ಲಿ ಬರಬಹುದು ಅಂತ ಮೊದಲೇ ತಿಳಿಯಬಹುದು ಅಂತ ಇದರ ಅರ್ಥ.

ಸಂಶೋಧಕರು ಹುಳುವನ್ನು ಪರೀಕ್ಷಿಸುವುದೂ ಇದೇ ದಾರಿಯಲ್ಲಿ. 1974ರಲ್ಲಿ ವಾಪ್‌ಶಿಯರ್ ಎಂಬ ವಿಜ್ಞಾನಿ ಈ ಕ್ರಮವನ್ನು ಸ್ಪಷ್ಟವಾಗಿ ಬರೆದಿಟ್ಟರು. ಮೊದಲು ಅದೇ ಕಳೆಯ ಬೇರೆ ತಳಿಗಳು, ಆಮೇಲೆ ಒಡಹುಟ್ಟಿದ ಜಾತಿಗಳು, ಆಮೇಲೆ ಅದೇ ಕುಟುಂಬದ ದೂರದ ಗಿಡಗಳು, ಹೀಗೆ ನಡುವಿನಿಂದ ಹೊರಕ್ಕೆ ಹೋಗಬೇಕು. ಬಿಗಿ ಭದ್ರತೆಯ ಕೋಣೆಯಲ್ಲಿ ಹುಳುವಿನ ಮುಂದೆ ಒಂದೇ ಗಿಡ ಇಟ್ಟು ನೋಡುತ್ತಾರೆ. ತಿನ್ನು, ಇಲ್ಲ ಸಾಯಿ. ಇನ್ನೊಂದು ಪರೀಕ್ಷೆಯಲ್ಲಿ ಹಲವು ಗಿಡ ಇಟ್ಟು ಯಾವುದನ್ನು ಆರಿಸುತ್ತದೆ ಅಂತ ನೋಡುತ್ತಾರೆ. ಬಾಯಿ ಹಾಕಿತಾ ಅನ್ನುವುದಷ್ಟೇ ಮುಖ್ಯವಲ್ಲ. ಮೊಟ್ಟೆ ಇಟ್ಟಿತಾ, ಮರಿ ಬೆಳೆಯಿತಾ, ಆ ಮರಿ ಮತ್ತೆ ಮೊಟ್ಟೆ ಇಟ್ಟಿತಾ? ಒಂದು ತುತ್ತು ತಿಂದು ವಂಶ ಬೆಳೆಸಲಾಗದ ಹುಳು ಆ ಗಿಡದ ಮೇಲೆ ನೆಲೆ ನಿಲ್ಲುವುದಿಲ್ಲ. ಇದಕ್ಕೆಲ್ಲ ವರ್ಷಗಳೇ ಹಿಡಿಯುತ್ತವೆ. ತಡವಾಯಿತು ಅಂತ ದೂರುವವರಿಗೆ ನಾನು ಹೇಳುವುದಿಷ್ಟೇ: ಆ ತಡ ಬೇಕು.

ಆ "ಒಂದು ತುತ್ತು" ಎಷ್ಟು ಗಾಬರಿ ಹುಟ್ಟಿಸಬಹುದು ಅನ್ನುವುದಕ್ಕೆ ಪಾರ್ಥೇನಿಯಂ ಕಥೆ ಇದೆ. ಈ ಕಳೆಯ ಎಲೆ ತಿನ್ನುವ ಜೈಗೋಗ್ರಾಮ ದುಂಬಿಯನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷಗಳ ನಂತರ ಅದು ಸೂರ್ಯಕಾಂತಿ ಎಲೆಯ ಮೇಲೆ ಕಾಣಿಸಿತು. ದೊಡ್ಡ ಗದ್ದಲವೇ ಆಯಿತು. ಸೂರ್ಯಕಾಂತಿ, ಪಾರ್ಥೇನಿಯಂ ಎರಡೂ ಒಂದೇ ಕುಟುಂಬ. ಹಾಗಾಗಿ ಅನುಮಾನ ಬಂದದ್ದು ಸರಿಯೇ. ಹುಡುಕಿದಾಗ ಸಿಕ್ಕ ಕಾರಣ ನನಗಂತೂ ಬಹಳ ಇಷ್ಟ. ಪಾರ್ಥೇನಿಯಂನ ಪರಾಗ ಗಾಳಿಯಲ್ಲಿ ಹಾರಿ ಸೂರ್ಯಕಾಂತಿ ಎಲೆಗಳ ಮೇಲೆ ಬಿದ್ದಿತ್ತು. ಆ ಪರಾಗದ ರುಚಿಗೆ ದುಂಬಿ ಮೋಸ ಹೋಗಿ ಎಲೆ ಕಚ್ಚುತ್ತಿತ್ತು! 1993ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಎಲ್ಲ ಗಾಬರಿಗೂ ಇಂಥ ಸಮಾಧಾನದ ಕೊನೆ ಇಲ್ಲ. ಉತ್ತರ ಅಮೆರಿಕದಲ್ಲಿ ಮಸ್ಕ್ ಥಿಸಲ್ ಎಂಬ ಮುಳ್ಳಿನ ಕಳೆಗೆ ಯುರೋಪಿನಿಂದ ರೈನೋಸಿಲಸ್ ಎಂಬ ಮೂತಿಹುಳು ತಂದರು. 1968ರಲ್ಲಿ ಕೆನಡಾದಲ್ಲಿ, ಮರುವರ್ಷ ಅಮೆರಿಕದಲ್ಲಿ ಬಿಟ್ಟರು. ಅದು ಹೂವಿನಲ್ಲಿ ಮೊಟ್ಟೆ ಇಟ್ಟು ಬೀಜ ತಿನ್ನುತ್ತದೆ. ಥಿಸಲ್ ಬಳಗದ ಹಲವು ಗಿಡಗಳನ್ನು ತಿನ್ನಬಲ್ಲದು ಅಂತ ಮೊದಲೇ ಗೊತ್ತಿತ್ತು. ಆದರೆ ಆಗ ಸ್ಥಳೀಯ ಥಿಸಲ್‌ಗಳಿಗೆ ಬೆಲೆ ಕೊಡುವವರು ಇರಲಿಲ್ಲ. ಕೃಷಿ ಬೆಳೆಗೆ ತೊಂದರೆ ಇಲ್ಲ ಅಂದರೆ ಸಾಕಿತ್ತು. 1997ರಲ್ಲಿ ಸ್ವಾಟಾ ಲೌಡಾ ಮತ್ತು ಜೊತೆಗಾರರು ನೆಬ್ರಾಸ್ಕದ ಕಾಡು ಥಿಸಲ್‌ಗಳ ಬೀಜಗಳು ಈ ಹುಳುವಿಗೆ ಬಲಿಯಾಗುತ್ತಿರುವುದನ್ನು ತೋರಿಸಿದರು. ಪರೀಕ್ಷೆ ತಪ್ಪಾಗಿರಲಿಲ್ಲ. ಬೆಳೆಯಲ್ಲದ ಗಿಡಕ್ಕೂ ಬದುಕುವ ಹಕ್ಕಿದೆ ಅಂತ ಆಗ ಯಾರೂ ಯೋಚಿಸಲಿಲ್ಲ, ಅದು ತಪ್ಪು. ಇವತ್ತು ಇಂಥ ಹುಳುವನ್ನು ಬಿಡಲು ಒಪ್ಪಿಗೆ ಸಿಗುವುದು ಕಷ್ಟ.

ಒಟ್ಟು ಲೆಕ್ಕ ಹೇಗಿದೆ ಅಂತ ಕೇಳಿದರೆ, 2014ರ ಒಂದು ಪರಿಶೀಲನೆ ಜಗತ್ತಿನಾದ್ಯಂತ ಬಿಟ್ಟ 512 ಜೀವಿಗಳನ್ನು ನೋಡಿದೆ. ಅದರಲ್ಲಿ ಶೇ. 99ಕ್ಕೂ ಹೆಚ್ಚು ಜೀವಿಗಳಿಂದ ಬೇರೆ ಗಿಡಗಳಿಗೆ ಹೇಳಿಕೊಳ್ಳುವಂಥ ಹಾನಿ ಕಂಡುಬಂದಿಲ್ಲ.

"ಹಾಗಾದರೆ ಆಸ್ಟ್ರೇಲಿಯಾದ ಆ ಕಪ್ಪೆ?" ಅಂತ ಕೆಲವರು ಕೇಳುತ್ತಾರೆ. 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ತಂದ ಕೇನ್ ಟೋಡ್ ಅದು. ಬಾಯಿಗೆ ಹಿಡಿಸುವ ಯಾವ ಪ್ರಾಣಿಯನ್ನೂ ನುಂಗುವ ಜೀವಿ. ಕಳೆಗೆ ತರುವ ಹುಳುವಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ನಿಜ ಹೇಳಬೇಕೆಂದರೆ ಈ ಕೆಲಸ ಮಾಡುವವರನ್ನು ಹೆಚ್ಚು ಕಾಡುವುದು ಇದರ ಉಲ್ಟಾ ತೊಂದರೆ. ಜೀವಿ ಎಲ್ಲವನ್ನೂ ತಿನ್ನುತ್ತದೆ ಅಂತಲ್ಲ, ತೀರಾ ಆರಿಸಿ ತಿನ್ನುತ್ತದೆ ಅಂತ. ಆಸ್ಟ್ರೇಲಿಯಾದ ಗೋಧಿ ಹೊಲಗಳಲ್ಲಿ ಸ್ಕೆಲಿಟನ್ ವೀಡ್ ಎಂಬ ಕಳೆ ಇತ್ತು. 1971ರಲ್ಲಿ ಅದಕ್ಕೆ ತುಕ್ಕು ರೋಗದ ಶಿಲೀಂಧ್ರವೊಂದನ್ನು ತಂದು ಬಿಟ್ಟರು. ಕಿರಿದಾದ ಎಲೆಯ ಗಿಡಗಳು ರೋಗಕ್ಕೆ ಸಿಕ್ಕಿ ಸೊರಗಿದವು. ಅದೇ ಕಳೆಯ ಇನ್ನೆರಡು ಬಗೆಗಳನ್ನು, ಎಲೆ ಸ್ವಲ್ಪ ಅಗಲ ಇರುವವನ್ನು, ಆ ತುಕ್ಕು ಮುಟ್ಟಲೇ ಇಲ್ಲ. ಖಾಲಿಯಾದ ಜಾಗಕ್ಕೆ ಅವು ಹಬ್ಬಿಕೊಂಡವು. ಅವಕ್ಕೆ ಹಿಡಿಯುವ ಬೇರೆ ತುಕ್ಕಿಗಾಗಿ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಯಿತು.