ನಿವ್ವಳ ರಫ್ತು: ತೈಲ ಇದ್ರೂ ಮಾರಾಟಕ್ಕೆ ಯಾಕೆ ಇರಲ್ಲ

ಈ ಟಾಪಿಕ್‌ನಲ್ಲಿ ತುಂಬಾ ಜನ ಎಡವೋದು ಒಂದೇ ಜಾಗದಲ್ಲಿ, ನಾನೂ ಅಲ್ಲೇ ಎಡವಿದ್ದು. ಪ್ರಪಂಚದಲ್ಲಿ ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬರ್ತಿದೆ (ಒಂದು ಬ್ಯಾರೆಲ್ ಅಂದ್ರೆ 159 ಲೀಟರ್), ಮತ್ಯಾಕೆ ತಲೆಬಿಸಿ ಅನ್ಸುತ್ತೆ. ಆದ್ರೆ ಕೊಳ್ಳೋ ದೇಶಕ್ಕೆ ಸಿಗೋದು ತೆಗೆಯೋ ದೇಶದವರು ತಾವು ಬಳಸಿ ಮಿಕ್ಕಿದ್ದು ಅಷ್ಟೇ. ಉತ್ಪಾದನೆ ಮೈನಸ್ ಸ್ವಂತ ಬಳಕೆ, ಇದೇ ನಿವ್ವಳ ರಫ್ತು.

ಒಂದು ಲೆಕ್ಕ ಪೆನ್ ಹಿಡ್ಕೊಂಡು ಮಾಡಿ, ಸುಮ್ನೆ ಓದಿದ್ರೆ ತಲೆಗೆ ಹೋಗಲ್ಲ. ಒಂದು ದೇಶ ದಿನಕ್ಕೆ 30 ಲಕ್ಷ ಬ್ಯಾರೆಲ್ ತೆಗೆಯುತ್ತೆ, 12 ಲಕ್ಷ ತಾನೇ ಬಳಸುತ್ತೆ, 18 ಲಕ್ಷ ಮಾರುತ್ತೆ ಅಂತಿಟ್ಕೊಳ್ಳಿ. ಬಾವಿಗಳು ಹಳೇದಾಗಿ ಉತ್ಪಾದನೆ ವರ್ಷಕ್ಕೆ 4% ಇಳೀತಿದೆ, ಬಳಕೆ 3% ಏರ್ತಿದೆ. ಮೊದಲ ವರ್ಷಾನೇ ರಫ್ತು 16.44 ಲಕ್ಷಕ್ಕೆ ಬರುತ್ತೆ, ಅಂದ್ರೆ ಉತ್ಪಾದನೆ 4% ಇಳಿದ್ರೆ ರಫ್ತು ಹತ್ರಹತ್ರ 9% ಬಿತ್ತು. 5ನೇ ವರ್ಷ 10.5 ಲಕ್ಷ, 10ನೇ ವರ್ಷ 3.8 ಲಕ್ಷ, 13ನೇ ವರ್ಷಕ್ಕೆ ಸೊನ್ನೆ. ಆಗಲೂ ಆ ದೇಶ ದಿನಕ್ಕೆ 17 ಲಕ್ಷಕ್ಕಿಂತ ಜಾಸ್ತಿ ತೆಗೀತಾನೇ ಇರುತ್ತೆ! ಬಾವಿ ಬತ್ತಿಲ್ಲ, ಆದ್ರೆ ಹೊರಗಿನವರಿಗೆ ಹನಿನೂ ಇಲ್ಲ. ಇದಕ್ಕೆ ಎಕ್ಸ್‌ಪೋರ್ಟ್ ಲ್ಯಾಂಡ್ ಮಾಡೆಲ್ ಅಂತಾರೆ, ಚಾಲ್ತಿಗೆ ತಂದಿದ್ದು ಅಮೆರಿಕದ ಭೂವಿಜ್ಞಾನಿ ಜೆಫ್ರಿ ಬ್ರೌನ್.

ನಿಜವಾದ ಉದಾಹರಣೆ ಇಂಡೋನೇಷ್ಯಾ. 1962ರಲ್ಲೇ ಒಪೆಕ್ (ತೈಲ ರಫ್ತು ಮಾಡೋ ದೇಶಗಳ ಸಂಘ) ಸೇರಿದ ದೇಶ, ಜನಸಂಖ್ಯೆ ಏರ್ತಾ ಹೋಯ್ತು, ಸಬ್ಸಿಡಿ ಪೆಟ್ರೋಲ್ ಅಗ್ಗವಾಗಿ ಸಿಕ್ತಿತ್ತು, ಬಾವಿಗಳು ಸೋತ್ವು, 2004ರ ಹೊತ್ತಿಗೆ ಆಮದು ಮಾಡ್ಕೊಳ್ಳೋ ಸ್ಥಿತಿ. ರಫ್ತುದಾರರ ಸಂಘದಲ್ಲಿ ಆಮದುದಾರ ಕೂತಿರೋದು ವಿಚಿತ್ರ ಅಲ್ವಾ, 2009ರಿಂದ ಸದಸ್ಯತ್ವ ನಿಲ್ಲಿಸ್ಕೊಂಡ್ರು (2016ರಲ್ಲಿ ವಾಪಸ್ ಬಂದು ಅದೇ ವರ್ಷ ಮತ್ತೆ ಹೊರಗೆ). ಬ್ರಿಟನ್ ಕಥೆನೂ ಹೀಗೇ, ಉತ್ತರ ಸಮುದ್ರದ ಉತ್ಪಾದನೆ 1999ರಲ್ಲಿ ಶಿಖರ ಮುಟ್ಟಿ ಇಳೀತು. ಸೌದಿ ಅರೇಬಿಯಾದಲ್ಲಂತೂ ಬೇಸಿಗೆಲಿ ಎಸಿ ಓಡ್ಸೋ ಕರೆಂಟ್‌ಗೆ ಕ್ರೂಡನ್ನೇ (ಶುದ್ಧ ಮಾಡದ ಕಚ್ಚಾ ತೈಲ) ಸುಡ್ತಾರೆ. ತೈಲ ಮಾರಿದ ದುಡ್ಡೇ ಆ ದೇಶದೊಳಗೆ ಕಾರು, ಕಾರ್ಖಾನೆ, ಕರೆಂಟ್ ಆಗಿ ತೈಲ ಕುಡಿಯುತ್ತೆ, ನನಗೆ ಈ ಪಾಯಿಂಟೇ ಮುಖ್ಯ ಅನ್ಸಿದ್ದು.

ಈಗ ಕೊಳ್ಳೋರ ಕಡೆ. ಚೀನಾ 1993ರ ತನಕ ಸ್ವಂತ ತೈಲದಲ್ಲೇ ನಡೆಸ್ಕೊಂಡು ಮಿಕ್ಕಿದ್ದು ಮಾರ್ತಿತ್ತು, 2023ರಲ್ಲಿ ದಿನಕ್ಕೆ ಸುಮಾರು 1.13 ಕೋಟಿ ಬ್ಯಾರೆಲ್ ಕ್ರೂಡ್ ಆಮದು. ಭಾರತ ತನಗೆ ಬೇಕಾದ ಕ್ರೂಡ್‌ನಲ್ಲಿ 85%ಗಿಂತ ಜಾಸ್ತಿ ಹೊರಗಿಂದ ತರುತ್ತೆ. ಆದಾಯ ಏರಿದ ಹಾಗೆ ಬೈಕ್, ಆಮೇಲೆ ಕಾರು, ಸರಕು ಲಾರಿ, ವಿಮಾನ, ಪ್ಲಾಸ್ಟಿಕ್, ಎಲ್ಲಾ ಒಟ್ಟಿಗೆ ಏರುತ್ತೆ. ಮಾರೋ ರಾಶಿ ಕರಗ್ತಿರುವಾಗ ಇಬ್ಬರು ದೊಡ್ಡ ಗಿರಾಕಿಗಳು ಕ್ಯೂಗೆ ಬಂದ್ರೆ ದುಡ್ಡು ಕಮ್ಮಿ ಇರೋ ಸಣ್ಣ ದೇಶಗಳೇ ಮೊದಲು ಕ್ಯೂ ಬಿಡ್ಬೇಕಾಗುತ್ತೆ.

ಆದ್ರೆ ಮಾಡೆಲನ್ನ ಕಣ್ಮುಚ್ಚಿ ನಂಬ್ಬೇಡಿ. 2008ರಲ್ಲಿ ಬ್ಯಾರೆಲ್ ಬೆಲೆ 147 ಡಾಲರ್ ಮುಟ್ಟಿದಾಗ ಕಥೆ ಮುಗೀತು ಅಂತ ಬರೆದವರು ಬಹಳ ಜನ, ಅಷ್ಟರಲ್ಲಿ ಅಮೆರಿಕ ಶೇಲ್ ತೈಲ (ಗಟ್ಟಿ ಬಂಡೆ ಪದರಗಳಲ್ಲಿ ಸಿಕ್ಕಿಕೊಂಡಿರೋ ತೈಲ) ತೆಗೆಯೋಕೆ ಶುರು ಮಾಡ್ತು, 2015ರ ಕೊನೆಯಲ್ಲಿ ಕ್ರೂಡ್ ರಫ್ತಿನ ನಿಷೇಧ ತೆಗೀತು, 2020ರಲ್ಲಿ ಪೆಟ್ರೋಲಿಯಂನ ನಿವ್ವಳ ರಫ್ತುದಾರನೇ ಆಯ್ತು. ಬೆಲೆ ಏರಿದ್ರೆ ಹೊಸ ಬಾವಿ ಲಾಭಕ್ಕೆ ಬರುತ್ತೆ, ಜನನೂ ಬಳಕೆ ಕಮ್ಮಿ ಮಾಡ್ತಾರೆ, ನಾವು ಮಾಡಿದ ಲೆಕ್ಕದಲ್ಲಿ ಈ ಬೆಲೆ ಅನ್ನೋದೇ ಇಲ್ಲ.

ಇನ್ನೊಂದು ಕನ್ಫ್ಯೂಷನ್: ಭಾರತ ಡೀಸೆಲ್ ರಫ್ತು ಮಾಡುತ್ತಲ್ಲ ಅಂತ ಕೇಳ್ತಾರೆ. ಹೌದು, ಹೊರಗಿಂದ ತಂದ ಕ್ರೂಡನ್ನ ರಿಫೈನರಿಯಲ್ಲಿ ಶುದ್ಧ ಮಾಡಿ ಕೊಡೋದು ಅದು. ಕ್ರೂಡ್, ಪ್ರಾಡಕ್ಟ್ (ಡೀಸೆಲ್, ಪೆಟ್ರೋಲ್ ಥರದ್ದು) ಎರಡೂ ಕೂಡಿಸಿ ಆಮದಿನಿಂದ ರಫ್ತು ಕಳೆದ್ರೆ ಭಾರತ ಆಮದುದಾರನೇ, ಹಾಗಾಗಿ ಟೇಬಲ್ ನೋಡುವಾಗ ಅದು ಕ್ರೂಡ್‌ದಾ ಒಟ್ಟು ತೈಲದ್ದಾ ಅಂತ ಮೊದಲು ಹೆಡ್ಡಿಂಗ್ ಓದಿ.